ಅಪ್ಪಣೆ ಮತ್ತು ತಡೆ



ಒಂದು ಎತ್ತು ನಿಂತಿದೆ. ಬಿಳಿ ಮೈಯ ಖಿಲಾರಿ ಎತ್ತು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ಹೊತ್ತಿನಲ್ಲಿ ವಿಜಯಪುರದಲ್ಲಿ ದನದ ಜಾತ್ರೆ ಸೇರುತ್ತದಲ್ಲ, ಅಲ್ಲಿ ನೀವು ಎಷ್ಟೋ ಸಲ ನೋಡಿರುವಂಥದ್ದು. ಅದರ ಪಕ್ಕೆಯ ಮೇಲೆ ಒಂದು ನೊಣ ಬಂದು ಕೂತಿತು. ಎತ್ತು ತಲೆ ತಿರುಗಿಸಲಿಲ್ಲ. ಬಾಲ ಬೀಸಲಿಲ್ಲ. ಮೆಲುಕು ನಿಲ್ಲಿಸಲಿಲ್ಲ. ನೊಣ ಕೂತ ಕಡೆ ಚರ್ಮ ಮಾತ್ರ ತರತರ ಅಲುಗಿತು. ನೊಣ ಹಾರಿತು. ಚರ್ಮ ಸುಮ್ಮನಾಯಿತು.

ಚರ್ಮಕ್ಕೆ ಅಲುಗು ಎಂದು ಅಪ್ಪಣೆ ಕೊಟ್ಟವರು ಯಾರು? ಮೆದುಳು ಎಂದು ನೀವು ಹೇಳಬಹುದು. ಎಲ್ಲ ಅಪ್ಪಣೆಯೂ ಮೆದುಳಿನದೇ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಈ ಕೆಲಸಕ್ಕೆ ಎತ್ತಿನ ಮೆದುಳು ಬೇಕೇ ಇಲ್ಲ. ನೊಣ ಕೂತ ಸುದ್ದಿ ಚರ್ಮದಿಂದ ಬೆನ್ನುಹುರಿಗೆ ಹೋಗುತ್ತದೆ. ಬೆನ್ನುಹುರಿಯ ಒಳಗೇ ಕತ್ತಿನ ಬುಡದವರೆಗೆ ಏರುತ್ತದೆ. ಅಲ್ಲಿಂದಲೇ ಚರ್ಮದಡಿಯ ತೆಳು ಸ್ನಾಯುವಿಗೆ ಅಪ್ಪಣೆ ಹೊರಡುತ್ತದೆ. ತಲೆಬುರುಡೆಯ ಒಳಗಿನವರ ಒಪ್ಪಿಗೆ ಕೇಳುವವರಿಲ್ಲ. ಪಶುವೈದ್ಯರಿಗೆ ಇದು ಚೆನ್ನಾಗಿ ಗೊತ್ತು. ಬೆನ್ನಿಗೆ ಪೆಟ್ಟು ಬಿದ್ದ ಪ್ರಾಣಿಯ ಬೆನ್ನುದ್ದಕ್ಕೂ ಚಿಮುಟದಿಂದ ಚಿವುಟುತ್ತ ಬರುತ್ತಾರೆ. ಎಲ್ಲಿಂದ ಹಿಂದಕ್ಕೆ ಚರ್ಮ ಅಲುಗುವುದಿಲ್ಲವೋ, ಹುರಿಗೆ ಪೆಟ್ಟಾದದ್ದು ಅದರ ಆಸುಪಾಸಿನಲ್ಲೇ ಎಂದು ಗುರುತಿಸುತ್ತಾರೆ. ಅಂದಹಾಗೆ ಮನುಷ್ಯನ ಪಕ್ಕೆಗೆ ಈ ಸೌಲಭ್ಯ ಇಲ್ಲ. ನಮ್ಮ ನೊಣವನ್ನು ನಾವು ಕೈಯಿಂದಲೇ ಓಡಿಸಿಕೊಳ್ಳಬೇಕು.

ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ. ಪ್ರಾಣಿಯ ಮೈಯಲ್ಲಿ ಅಪ್ಪಣೆ ಎಲ್ಲಿಂದ ಹೊರಡುತ್ತದೆ? ಹೊರಟ ಅಪ್ಪಣೆಯನ್ನು ತಡೆಯುವವರು ಯಾರು?

ತಿಕೋಟಾ, ಬಬಲೇಶ್ವರದ ಕೇಳುಗರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ನಿಮ್ಮ ಊರುಗಳು ಮೊದಲು ವಿಜಯಪುರ ತಾಲೂಕಿನಲ್ಲಿದ್ದವು. ಪಹಣಿಯಲ್ಲಿ ಒಂದು ಹೆಸರು ತಿದ್ದಿಸಬೇಕಾದರೂ 20–25 ಕಿಲೋಮೀಟರ್ ಬಸ್ಸು ಹಿಡಿದು ನಗರಕ್ಕೆ ಬರಬೇಕಿತ್ತು. 2017ರ ರಾಜ್ಯ ಬಜೆಟ್ಟಿನಲ್ಲಿ ಹೊಸ ತಾಲೂಕುಗಳ ಘೋಷಣೆಯಾಯಿತು. ಈಗ ನಿಮ್ಮೂರಿಗೇ ತಹಶೀಲ್ದಾರರಿದ್ದಾರೆ. ನಿತ್ಯದ ಕೆಲಸ ಅಲ್ಲೇ ಮುಗಿಯುತ್ತದೆ. ಜಿಲ್ಲಾಧಿಕಾರಿಗಳ ಕಚೇರಿ ವಿಜಯಪುರದಲ್ಲೇ ಇದೆ. ದೊಡ್ಡ ಕಡತ ಅಲ್ಲಿಗೆ ಹೋಗುತ್ತದೆ. ಒಮ್ಮೊಮ್ಮೆ ಅಲ್ಲಿಂದ ತಡೆಯಾಜ್ಞೆಯೂ ಬರುತ್ತದೆ. ನರವ್ಯೂಹದ ಏರ್ಪಾಡನ್ನು ಹೀಗೆ ಇಟ್ಟುಕೊಂಡು ನೋಡೋಣ. ಕೆಲವು ಪ್ರಾಣಿಗಳಲ್ಲಿ ಜಿಲ್ಲಾ ಕಚೇರಿಯೇ ಇಲ್ಲ. ಕೆಲವುಗಳಲ್ಲಿ ತಾಲೂಕು ಕಚೇರಿಗಳದೇ ದರ್ಬಾರು.

ಮೊದಲು ಕಚೇರಿಯೇ ಇಲ್ಲದ ಪ್ರಾಣಿ. ಅದರ ಹೆಸರು ಹೈಡ್ರಾ. ಬಬಲೇಶ್ವರದ ಕಡೆಯವರಿಗೆ ಮಮದಾಪುರದ ಕೆರೆ ಗೊತ್ತು. ಆದಿಲ್‌ಶಾಹಿ ಕಾಲದ ಕೆರೆ. ಇಂಥ ಕೆರೆ, ಬಾವಿಗಳ ತಿಳಿನೀರಲ್ಲಿ ಜಲಸಸ್ಯದ ಎಲೆಗೆ ಅಂಟಿಕೊಂಡು ಬದುಕುವ ಜೀವಿ ಇದು. ಉದ್ದ ಸುಮಾರು ಒಂದು ಸೆಂಟಿಮೀಟರ್. ಒಂದು ತುದಿ ಎಲೆಗೆ ಅಂಟಿದೆ. ಇನ್ನೊಂದು ತುದಿಯಲ್ಲಿ ಬಾಯಿ. ಬಾಯಿಯ ಸುತ್ತ ಐದಾರು ಎಳೆಗಳು ನೀರಿನಲ್ಲಿ ತೇಲಾಡುತ್ತವೆ. ಅದರ ಮೈಯೆಲ್ಲ ನರಕೋಶಗಳ ಬಲೆ. ಎಲ್ಲಿಯಾದರೂ ಸೂಜಿಯಿಂದ ಮುಟ್ಟಿ. ಸುದ್ದಿ ಅಲ್ಲಿಂದ ಎಲ್ಲ ದಿಕ್ಕಿಗೂ ಹರಡುತ್ತದೆ. ಇಡೀ ಮೈ ಮುದುಡಿಕೊಳ್ಳುತ್ತದೆ. ಅಲ್ಲಿ ಮೇಲಧಿಕಾರಿ ಇಲ್ಲ, ಕೆಳಗಿನವರೂ ಇಲ್ಲ.

1740ರ ದಶಕದಲ್ಲಿ ಅಬ್ರಹಾಂ ಟ್ರೆಂಬ್ಲೆ ಎಂಬಾತ ಹಾಲೆಂಡಿನಲ್ಲಿ ಶ್ರೀಮಂತರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದ. ಆತನ ಹುಟ್ಟೂರು ಜಿನೀವಾ. ಆತ ಹೈಡ್ರಾವನ್ನು ಎರಡು ತುಂಡು ಮಾಡಿ ನೋಡಿದ. ಎರಡೂ ತುಂಡು ಬೆಳೆದು ಎರಡು ಹೈಡ್ರಾಗಳಾದವು. ಅಂದಿನ ಯೂರೋಪು ಬೆರಗಾಯಿತು. ನಮಗೆ ಇಲ್ಲಿ ಬೇಕಾದ್ದು ಇಷ್ಟೇ: ಆ ಎರಡೂ ತುಂಡಿನಲ್ಲಿ ನರದ ಬಲೆ ಇತ್ತು. ಯಾವ ತುಂಡೂ ರಾಜಧಾನಿ ಕಳೆದುಕೊಳ್ಳಲಿಲ್ಲ. ಏಕೆಂದರೆ ರಾಜಧಾನಿಯೇ ಇರಲಿಲ್ಲ.

ಹೈಡ್ರಾಕ್ಕೆ ತಲೆ ಏಕೆ ಇಲ್ಲ? ಅದು ಕೂತಲ್ಲೇ ಕಾಯುವ ಪ್ರಾಣಿ. ಆಹಾರ ಎಡದಿಂದ ಬರಬಹುದು, ಬಲದಿಂದ ಬರಬಹುದು. ಎಲ್ಲ ದಿಕ್ಕೂ ಅದಕ್ಕೆ ಒಂದೇ. ಆದರೆ ಒಂದು ಪ್ರಾಣಿ ಮುಂದಕ್ಕೆ ನಡೆಯಲು ಶುರು ಮಾಡಿತು ಎಂದುಕೊಳ್ಳಿ. ಹೊಸ ಜಾಗಕ್ಕೆ ಮೊದಲು ತಲುಪುವುದು ಅದರ ಮುಂದಿನ ತುದಿ. ವಾಸನೆ, ಬೆಳಕು, ಅಪಾಯ, ಅನ್ನ, ಎಲ್ಲ ಸುದ್ದಿಯೂ ಮೊದಲು ಮುಟ್ಟುವುದು ಅಲ್ಲಿಗೇ. ಸುದ್ದಿ ಬರುವ ಕಡೆ ಸುದ್ದಿ ವಿಚಾರಿಸುವ ನರಕೋಶಗಳೂ ಗುಂಪುಗೂಡಿದವು. ಮೆದುಳು ಬಂದದ್ದು ಹೀಗೆ. ಅದು ಯೋಚಿಸುವುದಕ್ಕಾಗಿ ಹುಟ್ಟಿದ್ದಲ್ಲ, ಮುಂದೆ ಹೋಗುವುದಕ್ಕಾಗಿ ಹುಟ್ಟಿದ್ದು.

ಇಲ್ಲಿಯವರೆಗೆ ಹೇಳಿದ್ದು ಎರಡು ಮಾತು. ಎಲ್ಲ ಅಪ್ಪಣೆಯೂ ತಲೆಯಿಂದ ಬರಬೇಕಿಲ್ಲ. ಮುಂದಕ್ಕೆ ಚಲಿಸುವ ಪ್ರಾಣಿಗೆ ಮುಂದಿನ ತುದಿಯಲ್ಲಿ ನರಗಳು ಸೇರುತ್ತವೆ. ಈಗ ಆ ಮುಂದಿನ ತುದಿಗೂ ಉಳಿದ ಮೈಗೂ ಏನು ಸಂಬಂಧ ಎಂದು ನೋಡೋಣ.

ಎರೆಹುಳ ತೆಗೆದುಕೊಳ್ಳಿ. ಮೊದಲ ಮಳೆ ಬಿದ್ದ ಮೇಲೆ ಹಸಿ ನೆಲದಲ್ಲಿ ಸಲಿಕೆ ಹಾಕಿದರೆ ಸಿಗುತ್ತದೆ. ಮೈಯೆಲ್ಲ ಉಂಗುರ ಉಂಗುರ. ನೂರಕ್ಕೂ ಮೇಲೆ ಉಂಗುರಗಳು. ಗಂಟಲಿನ ಮೇಲ್ಭಾಗದಲ್ಲಿ ಒಂದು ಜೋಡಿ ಪುಟ್ಟ ನರಗಂಟು. ಅದೇ ಅದರ ಮೆದುಳು. ಅಲ್ಲಿಂದ ಎರಡು ಎಳೆ ಗಂಟಲನ್ನು ಬಳಸಿ ಕೆಳಗೆ ಬರುತ್ತವೆ. ಆಮೇಲೆ ಒಂದು ನರದ ಹುರಿ ಹೊಟ್ಟೆಯ ಕಡೆಯಿಂದ ಬಾಲದವರೆಗೆ ಸಾಗುತ್ತದೆ. ಗಮನಿಸಿ, ಬೆನ್ನ ಕಡೆಯಿಂದ ಅಲ್ಲ, ಹೊಟ್ಟೆಯ ಕಡೆಯಿಂದ. ಉಂಗುರಕ್ಕೊಂದರಂತೆ ಆ ಹುರಿ ಉಬ್ಬಿ ಗಂಟಾಗಿದೆ. ಒಂದು ಉಂಗುರಕ್ಕೆ ಒಂದು ತಾಲೂಕು ಕಚೇರಿ.

ಈ ಕಚೇರಿಗಳು ಎಷ್ಟು ಸ್ವತಂತ್ರ? 19ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯಲ್ಲಿ ಒಂದು ಪ್ರಯೋಗ ನಡೆಯಿತು. ಎರೆಹುಳವನ್ನು ನಡುವೆ ಕತ್ತರಿಸಿದರು. ಎರಡು ತುಂಡುಗಳನ್ನು ಬರಿಯ ದಾರದಿಂದ ಜೋಡಿಸಿದರು. ನರದ ಸಂಪರ್ಕ ಇಲ್ಲವೇ ಇಲ್ಲ. ಮುಂದಿನ ತುಂಡು ತೆವಳತೊಡಗಿತು. ದಾರ ಹಿಂದಿನ ತುಂಡನ್ನು ಎಳೆಯಿತು. ಎಳೆತ ತಗುಲಿದ್ದೇ ಹಿಂದಿನ ತುಂಡೂ ಅದೇ ಲಯದಲ್ಲಿ ಕುಗ್ಗಿ ಹಿಗ್ಗಿ ತೆವಳಿತು. ತಲೆಯಿಂದ ಪತ್ರ ಬರಲಿಲ್ಲ. ಪಕ್ಕದ ಉಂಗುರ ಎಳೆದದ್ದೇ ಅದಕ್ಕೆ ಅಪ್ಪಣೆಯಾಯಿತು.

ಆದರೆ ತುರ್ತಿಗೆ ಬೇರೆ ಏರ್ಪಾಡಿದೆ. ಹಕ್ಕಿ ಕುಕ್ಕಿತು ಅನ್ನಿ. ಉಂಗುರದಿಂದ ಉಂಗುರಕ್ಕೆ ಸುದ್ದಿ ದಾಟುತ್ತ ಕೂತರೆ ಹುಳದ ಕತೆ ಮುಗಿಯಿತು. ಅದಕ್ಕಾಗಿ ಹುರಿಯ ಒಳಗೆ ಮೂರು ದಪ್ಪ ಎಳೆಗಳಿವೆ. ಅವುಗಳಲ್ಲಿ ಸುದ್ದಿ ಎಲ್ಲೂ ನಿಲ್ಲದೆ ಓಡುತ್ತದೆ. ಇಡೀ ಹುಳ ಒಮ್ಮೆಲೆ ಗಿಡ್ಡವಾಗುತ್ತದೆ. ಸಲಿಕೆ ತಾಗಿದ ಎರೆಹುಳ ಹೇಗೆ ಚಟಕ್ಕನೆ ಕುಗ್ಗುತ್ತದೆ ಎಂದು ನೀವು ಕಂಡಿದ್ದೀರಿ. ಇನ್ನೊಂದು ಮಾತು. ಎರೆಹುಳ ಎರಡು ತುಂಡಾದರೆ ಎರಡೂ ಬದುಕುತ್ತವೆ ಎಂದು ಹಲವರು ನಂಬಿದ್ದಾರೆ. ಹಾಗಿಲ್ಲ. ಬದುಕಿದರೆ ಸಾಮಾನ್ಯವಾಗಿ ತಲೆಯ ಕಡೆಯ ತುಂಡು ಮಾತ್ರ. ಹಿಂದಿನ ತುಂಡು ತೆವಳಬಲ್ಲದು, ಉಣ್ಣಲಾರದು.

ಎರೆಹುಳದಲ್ಲಿ ತಾಲೂಕು ಕಚೇರಿಗಳು ಬಹುಮಟ್ಟಿಗೆ ಸ್ವತಂತ್ರ. ಈಗ ಕೀಟಗಳಿಗೆ ಬರೋಣ. ಇಲ್ಲಿ ಎರಡನೆಯ ಪ್ರಶ್ನೆ ಏಳುತ್ತದೆ. ತಡೆಯುವವರು ಯಾರು?

ರಾತ್ರಿ ಅಡುಗೆಮನೆಯಲ್ಲಿ ದೀಪ ಹಾಕುತ್ತೀರಿ. ಜಿರಳೆ ಕಾಣುತ್ತದೆ. ಚಪ್ಪಲಿ ಎತ್ತುತ್ತೀರಿ. ಚಪ್ಪಲಿ ಕೆಳಗೆ ಬರುವಷ್ಟರಲ್ಲಿ ಜಿರಳೆ ಇಲ್ಲ. ಅದರ ಹಿಂಬದಿಯಲ್ಲಿ ಎರಡು ಮೊನೆಗಳಿವೆ. ಮೊನೆಯ ತುಂಬ ನವಿರು ಕೂದಲು. ಚಪ್ಪಲಿ ತಳ್ಳಿದ ಗಾಳಿ ಮೊದಲು ಆ ಕೂದಲಿಗೆ ತಾಗುತ್ತದೆ. ಅಲ್ಲಿಂದ ಸುದ್ದಿ ದಪ್ಪ ನರದ ಎಳೆಗಳಲ್ಲಿ ಎದೆಯ ನರಗಂಟುಗಳಿಗೆ ಓಡುತ್ತದೆ. ಕಾಲುಗಳನ್ನು ಆಡಿಸುವುದು ಎದೆಯ ಗಂಟುಗಳೇ. ಸೆಕೆಂಡಿನ 20ರಲ್ಲಿ ಒಂದು ಭಾಗದಷ್ಟು ಹೊತ್ತಿನಲ್ಲಿ ಜಿರಳೆ ತಿರುಗಿ ಓಡಿರುತ್ತದೆ. ನಿಮ್ಮ ಚಪ್ಪಲಿ ಸೋತದ್ದು ಜಿರಳೆಯ ಬುದ್ಧಿಗಲ್ಲ, ಬಾಲದಿಂದ ಕಾಲಿಗೆ ಇರುವ ಆ ಅಡ್ಡದಾರಿಗೆ.

ತಲೆ ತೆಗೆದ ಜಿರಳೆ ದಿನಗಟ್ಟಲೆ ಬದುಕುತ್ತದೆ. ಅದು ಉಸಿರಾಡುವುದು ಮೈಪಕ್ಕದ ರಂಧ್ರಗಳಿಂದ, ಮೂಗಿನಿಂದಲ್ಲ. ಇದಕ್ಕಿಂತ ಸೋಜಿಗದ ಸಂಗತಿ ಬೇರೆ ಇದೆ. 1962ರಲ್ಲಿ ಹಾರಿಡ್ಜ್ ಎಂಬ ಬ್ರಿಟಿಷ್ ವಿಜ್ಞಾನಿ ತಲೆಯಿಲ್ಲದ ಕೀಟದ ಕಾಲು ಇಳಿಬಿದ್ದಾಗಲೆಲ್ಲ ಅದಕ್ಕೆ ಸಣ್ಣ ವಿದ್ಯುತ್ ಶಾಕ್ ತಗುಲುವಂತೆ ಮಾಡಿದ. ಸ್ವಲ್ಪ ಹೊತ್ತಿನಲ್ಲಿ ಆ ಕಾಲು ಮೇಲೆಯೇ ಉಳಿಯಲು ಕಲಿತಿತು. ತಲೆ ಇಲ್ಲ, ಪಾಠ ಮಾತ್ರ ಆಯಿತು. ಎದೆಯ ನರಗಂಟು ತಾನೇ ಕಲಿಯಿತು.

ಹಾಗಾದರೆ ತಲೆಯ ಕೆಲಸವೇನು? ಹೊಲದ ಬೇಲಿಯ ಮೇಲೆ ಮುಂಗಾಲು ಜೋಡಿಸಿ ಕೂರುವ ಹಸಿರು ಹುಳವನ್ನು ನೋಡಿದ್ದೀರಿ. ಕೈಮುಗಿದಂತೆ ಕಾಣುತ್ತದೆ, ಸ್ವಭಾವದಲ್ಲಿ ಬೇಟೆಗಾರ. ಅದು ತಾಸುಗಟ್ಟಲೆ ಅಲುಗದೆ ಕೂರಬಲ್ಲದು. ತಲೆ ಹೋದ ಗಂಡು ಹುಳ ಹಾಗೆ ಕೂರಲಾರದು. ನಡೆಯುತ್ತಲೇ ಇರುತ್ತದೆ. ಸಂಯೋಗದ ಚಲನೆಯನ್ನು ಬಿಡದೆ ಮಾಡುತ್ತದೆ. ಅಂದರೆ ನಡೆಯುವ ಅಪ್ಪಣೆ ಕೆಳಗೇ ಇತ್ತು. ತಲೆ ಅದಕ್ಕೆ ಈಗ ಬೇಡ, ತಾಳು ಎನ್ನುತ್ತಿತ್ತು. ತಾಳು ಎನ್ನುವವರು ಹೋದ ಮೇಲೆ ಕಾಲು ನಿಲ್ಲಲಿಲ್ಲ.

ನನಗೆ ನರವ್ಯೂಹದಲ್ಲಿ ಅತ್ಯಂತ ಮುಖ್ಯವಾದ ಸಂಗತಿ ಇದೇ ಅನ್ನಿಸುತ್ತದೆ. ಮೆದುಳು ಎಂದರೆ ಹುಕುಂ ಹೊರಡಿಸುವ ಅಂಗ ಎಂದು ನಾವು ಪಾಠ ಹೇಳುತ್ತೇವೆ. ಅದರ ದಿನದ ದುಡಿಮೆಯಲ್ಲಿ ದೊಡ್ಡ ಪಾಲು ತಡೆಯುವುದೇ ಆಗಿದೆ. ಈ ಮಾತು ಪಠ್ಯಪುಸ್ತಕದಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಪಡೆಯಬೇಕಿತ್ತು.

ಕೀಟದ ತಲೆ ಸಣ್ಣದು. ಆದರೆ ಖಾಲಿಯಲ್ಲ. ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳ ಬಳಿ ಹಣ್ಣು ಒಡೆದು ಹುಳಿವಾಸನೆ ಬಂದರೆ ಸಣ್ಣ ನೊಣಗಳು ಮುತ್ತುತ್ತವೆ. ಎರಡು ಮೂರು ಮಿಲಿಮೀಟರಿನ ಹಣ್ಣುನೊಣ. ಅದರ ಮೆದುಳಿನಲ್ಲಿ ಸುಮಾರು 1 ಲಕ್ಷ 40 ಸಾವಿರ ನರಕೋಶಗಳು. ಯಾವ ಕೋಶ ಯಾವುದಕ್ಕೆ ಜೋಡಿಸಿಕೊಂಡಿದೆ ಎಂಬ ಪೂರ್ತಿ ನಕ್ಷೆ 2024ರಲ್ಲಿ ಪ್ರಕಟವಾಯಿತು. ಜೋಡಣೆಗಳು 5 ಕೋಟಿಗೂ ಮಿಕ್ಕಿ. ಇಂಥ ಪೂರ್ತಿ ನಕ್ಷೆ ಮೊಟ್ಟಮೊದಲು ಸಿಕ್ಕಿದ್ದು ಒಂದು ಮಿಲಿಮೀಟರಿನ ದುಂಡುಹುಳದ್ದು, 1986ರಲ್ಲಿ. ಅದಕ್ಕೆ ಇರುವುದೇ 302 ನರಕೋಶ. ಜೇನುನೊಣದ ಮೆದುಳಿನಲ್ಲಿ ಸುಮಾರು 10 ಲಕ್ಷ. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ. ಈ ಅಂಕಿಗಳನ್ನು ಬಾಯಿಪಾಠ ಮಾಡಬೇಡಿ. ಏರಿಕೆ ಎಷ್ಟು ಕಡಿದು ಎಂದು ತಿಳಿದರೆ ಸಾಕು.

ಹಣ್ಣುನೊಣದ ಮಾತು ಬಂದಾಗ ನಮ್ಮ ರಾಜ್ಯದಲ್ಲಿ ಒಂದು ಹೆಸರು ಹೇಳಲೇಬೇಕು. ಒಬೈದ್ ಸಿದ್ದಿಕಿ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯನ್ನು ಕಟ್ಟಿದವರು, ಅದರ ಮೊದಲ ನಿರ್ದೇಶಕರು. 2013ರಲ್ಲಿ ತೀರಿಕೊಂಡರು. 1970ರ ದಶಕದಲ್ಲಿ ಅವರು ಅಮೆರಿಕದ ಸೀಮೋರ್ ಬೆಂಜರ್ ಜೊತೆ ವಿಚಿತ್ರ ನೊಣಗಳ ಮೇಲೆ ಕೆಲಸ ಮಾಡಿದರು. ತಂಪಿನಲ್ಲಿ ಆ ನೊಣಗಳು ಉಳಿದವುಗಳ ಹಾಗೇ ಹಾರಾಡುತ್ತವೆ. ಬಿಸಿ ಏರಿಸಿದರೆ ಕಾಲು ಕಟ್ಟಿದಂತೆ ಬಿದ್ದುಬಿಡುತ್ತವೆ. ಮತ್ತೆ ತಂಪು ಮಾಡಿದರೆ ಎದ್ದು ಹೋಗುತ್ತವೆ. ಅವುಗಳಲ್ಲಿ ಕೆಲವಕ್ಕೆ ನಮ್ಮ ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲು ಬೇಕಾದಷ್ಟಾಯಿತು.

ಏನು ಕೆಟ್ಟಿತ್ತು ಅವುಗಳಲ್ಲಿ? ನರದ ಎಳೆಯ ಗೋಡೆಯಲ್ಲಿ ಸೋಡಿಯಂ ಒಳಗೆ ಬಿಡುವ ಅತಿ ಸಣ್ಣ ಬಾಗಿಲುಗಳಿವೆ. ಬಾಗಿಲು ತೆರೆದರೆ ಸುದ್ದಿ ಮುಂದೆ ಸಾಗುತ್ತದೆ. ಮುಚ್ಚಿದರೆ ನಿಲ್ಲುತ್ತದೆ. ಅಂಥ ಒಂದು ಬಗೆಯ ನೊಣದಲ್ಲಿ ಕೆಟ್ಟದ್ದು ಈ ಬಾಗಿಲು ಎಂದು ಆಮೇಲೆ ತಿಳಿಯಿತು. ಬಿಸಿಗೆ ಅದು ಕೆಲಸ ನಿಲ್ಲಿಸುತ್ತಿತ್ತು. ಈ ಬಾಗಿಲನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ದ್ರಾಕ್ಷಿ ಪಡಕ್ಕೆ ಹೋದಾಗ ಬೇಕಾಗುತ್ತದೆ.

ಈವರೆಗೆ ಮೂರು ಏರ್ಪಾಡು ಕಂಡೆವು. ಹೈಡ್ರಾದ ಬಲೆ. ಎರೆಹುಳದ ಗಂಟುಗಂಟಿನ ಹುರಿ. ಕೀಟದಲ್ಲಿ ಎದೆಯ ಗಂಟು ನಡೆಸುತ್ತದೆ, ತಲೆ ತಡೆಯುತ್ತದೆ. ಸಮುದ್ರದ ಆಕ್ಟೋಪಸ್ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ, ಸಮುದ್ರ ನಮಗೆ ದೂರ. ಅದರ ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರರಲ್ಲಿ ಎರಡು ಪಾಲು ಇರುವುದು ತೋಳುಗಳಲ್ಲಿ.

ಈಗ ಬೆನ್ನೆಲುಬುಳ್ಳವರು. ಮೀನು, ಕಪ್ಪೆ, ಹಲ್ಲಿ, ಕೋಳಿ, ಎತ್ತು, ನೀವು, ನಾನು. ನಮ್ಮಲ್ಲಿ ನರದ ಹುರಿ ಹೊಟ್ಟೆಯ ಕಡೆಯಿಂದ ಬೆನ್ನಿಗೆ ಬಂದಿದೆ. ಎಲುಬಿನ ಕೊಳವೆಯೊಳಗೆ ಭದ್ರವಾಗಿದೆ. ತಲೆಬುರುಡೆಯೊಳಗೆ ಅದೇ ದೊಡ್ಡದಾಗಿ ಮೆದುಳಾಗಿದೆ. ಮನುಷ್ಯನಲ್ಲಿ ಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ, ಮೆದುಳಿನಿಂದ 12 ಜೊತೆ. ಮುಂಗಾಲು ಹಿಂಗಾಲುಗಳಿಗೆ ನರ ಹೊರಡುವ ಎರಡು ಕಡೆ ಹುರಿ ಕೊಂಚ ದಪ್ಪ. ಕಾಲಿನ ಕೆಲಸ ಹೆಚ್ಚು, ಅಲ್ಲಿ ನೌಕರರೂ ಹೆಚ್ಚು.

ಇಷ್ಟು ದೊಡ್ಡ ಜಿಲ್ಲಾ ಕಚೇರಿ ಬಂದರೂ ತಾಲೂಕು ಕಚೇರಿ ಮುಚ್ಚಲಿಲ್ಲ. ಗೋಡೆಯ ಹಲ್ಲಿ ಬಾಲ ಉದುರಿಸಿ ಓಡುತ್ತದೆ. ಬಿದ್ದ ಬಾಲ ಹಲವು ನಿಮಿಷ ಒದ್ದಾಡುತ್ತದೆ. ಅದರೊಳಗೆ ಬೆನ್ನುಹುರಿಯ ಒಂದು ತುಣುಕು ಇದೆ. ಒದ್ದಾಡುವ ಅಪ್ಪಣೆ ಆ ತುಣುಕಿನದು. ಬೆಕ್ಕು ಬಾಲ ನೋಡುತ್ತ ಕೂರುತ್ತದೆ, ಹಲ್ಲಿ ಪಾರಾಗುತ್ತದೆ.

ಇನ್ನು ನಮ್ಮ ಮನೆಯೊಳಗೆ ಬನ್ನಿ. ಬಿಸಿ ಪಾತ್ರೆ ಮುಟ್ಟಿದ ಕೈ ತಾನೇ ಹಿಂದೆ ಬರುತ್ತದೆ. ಬಿಸಿ ಎಂದು ನಿಮಗೆ ತಿಳಿಯುವ ಮೊದಲೇ ಬರುತ್ತದೆ. ಅದು ಬೆನ್ನುಹುರಿಯ ಕೆಲಸ. ಆದರೆ ರೊಟ್ಟಿ ಬಡಿಯುವ ಅವ್ವನನ್ನು ನೋಡಿ. ಉರಿಯುವ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲೇ ತಿರುವುತ್ತಾಳೆ. ನೀರು ಸವರಿದ ಮೇಲ್ಮೈಗೆ ಬೆರಳ ತುದಿ ಒಂದು ಕ್ಷಣ ತಾಗುತ್ತದೆ, ಅಂಚು ಎತ್ತುತ್ತದೆ, ಮಗುಚುತ್ತದೆ. ಅವಳ ಬೆನ್ನುಹುರಿಯೂ ಕೈ ತೆಗೆ ಎಂದೇ ಹೇಳುತ್ತಿದೆ. ರೊಟ್ಟಿ ಕೆಡಬಾರದು ಎಂದು ಮೆದುಳು ಆ ಅಪ್ಪಣೆಯನ್ನು ತಡೆಹಿಡಿದಿದೆ. ವರ್ಷಗಟ್ಟಲೆ ರೂಢಿಯಿಂದ ಬಂದ ತಡೆ ಅದು. ಚಲನೆಯ ನಯ ತೂಗಿಸುವುದು ಹಿಂತಲೆಯ ಕಿರುಮೆದುಳು. ನಮ್ಮ 8,600 ಕೋಟಿ ನರಕೋಶಗಳಲ್ಲಿ ನೂರಕ್ಕೆ 80ರಷ್ಟು ಇರುವುದು ಅಲ್ಲೇ.

ಹಸುಗೂಸು ಒದ್ದೆ ಮಾಡಿಕೊಳ್ಳುವುದೂ ಇದೇ ಲೆಕ್ಕ. ಮೂತ್ರಕೋಶ ತುಂಬಿದರೆ ಖಾಲಿಯಾಗುತ್ತದೆ, ಕೇಳುವವರಿಲ್ಲ. ಎರಡು ಮೂರು ವರ್ಷಕ್ಕೆ ಮೆದುಳು ತಾಳು ಎನ್ನಲು ಕಲಿಯುತ್ತದೆ. ಕೆಲವು ಮಕ್ಕಳಲ್ಲಿ ನಿದ್ದೆಯ ಹೊತ್ತಿನ ತಡೆ ತಡವಾಗಿ ಬರುತ್ತದೆ. ದಯವಿಟ್ಟು ಅಂಥ ಮಗುವಿಗೆ ಹೊಡೆಯಬೇಡಿ. ಅದು ಹಟವಲ್ಲ.

ತಡೆ ಪೂರ್ತಿ ಕಳಚಿದರೆ ಏನಾಗುತ್ತದೆ ಎಂದು ತೋರಿಸುವುದು ಧನುರ್ವಾಯು. ಮಣ್ಣು, ಸಗಣಿ ತಾಗಿದ ಗಾಯದಲ್ಲಿ ಆ ರೋಗಾಣು ಬೆಳೆಯುತ್ತದೆ. ಅದರ ವಿಷ ನರದ ಎಳೆ ಹಿಡಿದು ಬೆನ್ನುಹುರಿಗೆ ಏರುತ್ತದೆ. ಅಲ್ಲಿ ಸಾಕು ಎಂದು ಹೇಳುವ ನರಕೋಶಗಳ ಬಾಯಿ ಕಟ್ಟುತ್ತದೆ. ಸ್ನಾಯುಗಳಿಗೆ ಬಿಗಿ ಎಂಬ ಅಪ್ಪಣೆ ಹೋಗುತ್ತಲೇ ಇರುತ್ತದೆ, ಸಡಿಲು ಎನ್ನುವವರಿಲ್ಲ. ದವಡೆ ಕಚ್ಚಿಕೊಳ್ಳುತ್ತದೆ. ಮೈ ಬಿಲ್ಲಾಗುತ್ತದೆ. ಎತ್ತು, ಕುದುರೆ, ಮನುಷ್ಯ ಎಲ್ಲರಿಗೂ ಇದು ಬರುತ್ತದೆ. ಗಾಯವಾದಾಗ ಚುಚ್ಚುಮದ್ದು ಏಕೆ ಎಂದು ಕೇಳುವವರಿಗೆ ಉತ್ತರ ಇದು.

ಇನ್ನೊಂದು ನೋವಿನ ಸಂಗತಿ. ಗಿಡದಿಂದ ಬಿದ್ದೋ, ಬೈಕಿನಿಂದ ಬಿದ್ದೋ ಬೆನ್ನುಹುರಿ ತುಂಡಾದವರಿದ್ದಾರೆ. ಕಾಲಿಗೆ ಸ್ಪರ್ಶವಿಲ್ಲ, ಅವರು ಎಂದಂತೆ ಕಾಲು ಆಡುವುದಿಲ್ಲ. ಕೆಲವು ವಾರ ಕಳೆದ ಮೇಲೆ ಆ ಕಾಲು ತಾನಾಗಿ ಅದುರುತ್ತದೆ, ಮಡಚುತ್ತದೆ. ಮನೆಯವರು ಗುಣವಾಗುತ್ತಿದೆ ಎಂದು ಹಿಗ್ಗುತ್ತಾರೆ. ಬಹಳ ಸಲ ಅದು ತಡೆ ಕಳೆದುಕೊಂಡ ಕೆಳಗಿನ ಹುರಿಯ ಕೆಲಸ ಮಾತ್ರ. ನಗರದಿಂದ ಬರುವ ದಾರಿ ಕಡಿದಿದೆ, ತಾಲೂಕು ಕಚೇರಿ ತನ್ನಷ್ಟಕ್ಕೆ ನಡೆದಿದೆ. ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ. ಕತ್ತು, ಬೆನ್ನು ಬಾಗದಂತೆ ಹಲಗೆಯ ಮೇಲೆ ಮಲಗಿಸಿ ಸಾಗಿಸಿ.

ಹೊಟ್ಟೆಯ ಮಾತು ಬಿಟ್ಟರೆ ಲೆಕ್ಕ ಪೂರ್ತಿಯಾಗದು. ನಮ್ಮ ಅನ್ನನಾಳ, ಕರುಳಿನ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳ ಬಲೆಯಿದೆ. ಹೈಡ್ರಾದ ಹಳೆಯ ಏರ್ಪಾಡು ನಮ್ಮೊಳಗೆ ಇನ್ನೂ ಚಾಲ್ತಿಯಲ್ಲಿದೆ. ಉಂಡದ್ದನ್ನು ಕರುಳಿನಲ್ಲಿ ಮುಂದೆ ತಳ್ಳುವುದು ಬಹುತೇಕ ಅದರದೇ ಜವಾಬ್ದಾರಿ. ಎತ್ತಿನ ದೊಡ್ಡ ಹೊಟ್ಟೆಯ ಕತೆ ಬೇರೆ. ಅದು ಮಸೆಯಲು ತಲೆಯಿಂದ ಇಳಿದು ಬರುವ ಒಂದು ನರ ಬೇಕು. ದನ ತಂತಿ ನುಂಗಿ ಆ ನರಕ್ಕೆ ಪೆಟ್ಟಾದರೆ ಹೊಟ್ಟೆ ಉಬ್ಬುತ್ತದೆ, ಮೇವು ಬಿಡುತ್ತದೆ. ದನದ ಕಣ್ಣೆದುರು ತಂತಿ, ಮೊಳೆ ಚೆಲ್ಲಬಾರದು ಎನ್ನುವುದು ಅದಕ್ಕೇ.

ಕೇಳುಗರೇ, ನರಗಳ ನಕ್ಷೆ ಪ್ರಾಣಿಯಿಂದ ಪ್ರಾಣಿಗೆ ಬೇರೆ ಎಂದು ಇಷ್ಟು ಹೊತ್ತು ಹೇಳಿದೆ. ಈಗ ಉಳಿದಿರುವುದು ಒಂದೇ ವಿಷಯ. ನಕ್ಷೆ ಬೇರೆಯಾದರೂ ಸಾಮಾನು ಬಹುಮಟ್ಟಿಗೆ ಒಂದೇ. ಅದನ್ನು ತಿಳಿಯಲು ದ್ರಾಕ್ಷಿ ಪಡಕ್ಕೆ ಹೋಗೋಣ.

ಅಕ್ಟೋಬರ್ ಚಾಟ್ನಿ ಮುಗಿಯಿತು. ಚಿಗುರು ಬಂತು. ಚಿಗುರಿನ ಬೆನ್ನಿಗೇ ಥ್ರಿಪ್ಸ್, ಹಿಟ್ಟು ತಿಗಣಿ ಬಂದವು. ಟ್ರ್ಯಾಕ್ಟರಿಗೆ ಬ್ಲೋವರ್ ಕಟ್ಟಿ ಔಷಧ ಹೊಡೆಯುತ್ತೀರಿ. ಔಷಧ ಎನ್ನುತ್ತೇವೆ, ಅದು ವಿಷ. ಕೀಟನಾಶಕಗಳಲ್ಲಿ ಬಹುಪಾಲು ನರಕ್ಕೇ ಗುರಿಯಿಟ್ಟವು.

ಒಂದು ಗುಂಪು ಪೈರೆಥ್ರಾಯ್ಡ್. ಸೊಳ್ಳೆ ಬತ್ತಿಯಲ್ಲಿರುವುದೂ ಅದೇ ಕುಲದ್ದು. ನೆನಪಿನಲ್ಲಿಡಿ ಎಂದೆನಲ್ಲ, ಆ ಸೋಡಿಯಂ ಬಾಗಿಲು, ಅದಕ್ಕೆ ಹೋಗಿ ಕೂರುತ್ತದೆ. ಬಾಗಿಲು ಮುಚ್ಚಗೊಡುವುದಿಲ್ಲ. ಸುದ್ದಿ ನಿಲ್ಲದೆ ಹರಿಯುತ್ತದೆ. ಕೀಟ ನಡುಗಿ ಬೀಳುತ್ತದೆ. ನಮ್ಮ ಕಲ್ಲುಗೋಡೆಯ ಸಂದಿನ ಕೆಂಪು ಚೇಳಿನ ವಿಷದಲ್ಲೂ ಇದೇ ಬಾಗಿಲನ್ನು ತೆರೆದಿಡುವ ಅಂಶಗಳಿವೆ. ಚೇಳು ಕಚ್ಚಿದವರು ಬೆವರಿ, ಕೈಕಾಲು ತಣ್ಣಗಾಗಿ, ಎದೆ ಹೊಡೆದುಕೊಳ್ಳುವುದು ಮನುಷ್ಯನ ನರದಲ್ಲಿ ಆ ಬಾಗಿಲು ತೆರೆದದ್ದರಿಂದ. ಮಹಾರಾಷ್ಟ್ರದ ಮಹಾಡದಲ್ಲಿ ವೈದ್ಯ ಹಿಮ್ಮತರಾವ್ ಬಾವಸ್ಕರ್ ಇದಕ್ಕೆ ಪ್ರಾಜೋಸಿನ್ ಎಂಬ ರಕ್ತದೊತ್ತಡದ ಗುಳಿಗೆ ಬಳಸಿ ಎಷ್ಟೋ ಜೀವ ಉಳಿಸಿದರು. ಅವರ ಬರಹ 1980ರ ದಶಕದಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಗುಳಿಗೆಯನ್ನು ವೈದ್ಯರೇ ಕೊಡಬೇಕು, ಮನೆಯಲ್ಲಿ ಅಲ್ಲ.

ಇನ್ನೊಂದು ಗುಂಪು ಆರ್ಗನೋಫಾಸ್ಫೇಟ್. ಇದರ ಬಗೆ ಹೆಚ್ಚು ಕಪಟದ್ದು. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವಾಗ ನಡುವಿನ ಸಂದಿಗೆ ಒಂದು ರಾಸಾಯನಿಕ ಸುರಿಯುತ್ತದೆ. ಅದರ ಹೆಸರು ಅಸಿಟೈಲ್‌ಕೋಲಿನ್. ಸುದ್ದಿ ಮುಟ್ಟಿದ ಕೂಡಲೇ ಅದನ್ನು ಒರೆಸಿಹಾಕುವ ಕಿಣ್ವವೊಂದು ಅಲ್ಲೇ ಕಾದಿರುತ್ತದೆ. ಆರ್ಗನೋಫಾಸ್ಫೇಟ್ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಹೇಳಿದ ಮಾತು ಅಳಿಸಿಹೋಗುವುದೇ ಇಲ್ಲ. ಒಂದು ಅಪ್ಪಣೆ ಸಾವಿರ ಸಲ ಕೇಳಿಸುತ್ತದೆ. ಇಲ್ಲೂ ಕೆಟ್ಟದ್ದು ತಡೆಯೇ.

ಥ್ರಿಪ್ಸಿಗೂ ಬ್ಲೋವರ್ ಹಿಂದಿನ ಮನುಷ್ಯನಿಗೂ ಈ ರಾಸಾಯನಿಕ ಒಂದೇ, ಕಿಣ್ವವೂ ಹೆಚ್ಚುಕಡಿಮೆ ಒಂದೇ. ಥ್ರಿಪ್ಸ್ ಇದನ್ನು ಮುಖ್ಯವಾಗಿ ತನ್ನ ನರಗಂಟುಗಳ ಒಳಗೆ ಬಳಸುತ್ತದೆ. ನಾವು ಸ್ನಾಯು, ಜೊಲ್ಲು, ಕಣ್ಣಪಾಪೆ, ಕರುಳು, ಉಸಿರಿನ ನಾಳ ಎಲ್ಲ ಕಡೆ ಬಳಸುತ್ತೇವೆ. ಆದ್ದರಿಂದ ನಮ್ಮಲ್ಲಿ ಕಾಣುವ ಲಕ್ಷಣಗಳೂ ಎಲ್ಲ ಕಡೆಯವು. ಬಾಯಲ್ಲಿ ನೀರು ಸುರಿಯುತ್ತದೆ. ಕಣ್ಣಲ್ಲಿ ನೀರು. ವಿಪರೀತ ಬೆವರು. ಕಣ್ಣಪಾಪೆ ಸೂಜಿಮೊನೆಯಷ್ಟಾಗುತ್ತದೆ. ವಾಂತಿ, ಭೇದಿ. ರೆಪ್ಪೆ, ತೊಡೆಯ ಸ್ನಾಯು ಅದುರುತ್ತವೆ. ಕೊನೆಗೆ ಉಸಿರು ಕಟ್ಟುತ್ತದೆ. ಬಿಸಿಲಿಗೆ ಹೀಗಾಗಿದೆ, ಮಜ್ಜಿಗೆ ಕುಡಿದು ಮಲಗು ಎಂದು ಕಳಿಸಿಬಿಡುವುದುಂಟು. ಬಿಸಿಲಿಗೆ ಬಾಯಿ ಒಣಗುತ್ತದೆ. ಇಲ್ಲಿ ಬಾಯಿ ಸೋರುತ್ತದೆ. ಈ ಒಂದು ವ್ಯತ್ಯಾಸವನ್ನಾದರೂ ನೆನಪಿಡಿ.

ಈ ವಿಷ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಲದು. ತೋಯ್ದ ಟವೆಲ್ಲೇ ವಿಷವನ್ನು ಮೂಗಿಗೆ ಒತ್ತಿ ಹಿಡಿಯುತ್ತದೆ. ತುಂಬು ತೋಳಿನ ಅಂಗಿ, ರಬ್ಬರ್ ಕೈಗವಸು ಬೇಕು. ಗಾಳಿಗೆದುರಾಗಿ ಹೊಡೆಯಬಾರದು. ಡಬ್ಬಿಯ ಮೇಲೆ ಒಂದು ಗುರುತು ಇರುತ್ತದೆ. ಮೂಲೆಯ ಮೇಲೆ ನಿಲ್ಲಿಸಿದ ಚೌಕ, ಅದರ ಕೆಳ ಅರ್ಧ ಬಣ್ಣದ್ದು. ಕೆಂಪು ಇದ್ದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ. ಹಸಿರು ಎಲ್ಲಕ್ಕಿಂತ ಕಡಿಮೆ. ಓದು ಬಾರದವರೂ ಇದನ್ನು ಗುರುತಿಸಬಹುದು.

ಯಾರಿಗಾದರೂ ಈ ಲಕ್ಷಣ ಕಂಡರೆ ಪಡದಿಂದ ಹೊರಗೆ ತನ್ನಿ. ತೋಯ್ದ ಬಟ್ಟೆ ಬಿಚ್ಚಿ, ಸೋಪು ನೀರಿನಿಂದ ಮೈ ತೊಳೆಯಿರಿ. ತೊಳೆಯುವವರೂ ಕೈಗವಸು ಹಾಕಿಕೊಳ್ಳಿ. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಇದಕ್ಕೆ ಅಟ್ರೋಪಿನ್ ಎಂಬ ಮದ್ದಿದೆ, ತಾಸುಗಳು ಬಹಳ ಮುಖ್ಯ. ಹೋಗುವಾಗ ಹೊಡೆದ ಔಷಧದ ಡಬ್ಬಿಯನ್ನು, ಚೀಟಿ ಹರಿಯದ ಹಾಗೆ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿ. ಏನು ಹೊಡೆದಿದ್ದಿರಿ ಎಂದು ವೈದ್ಯರು ಕೇಳುವುದು ಖಂಡಿತ.